ಎರಡನೇ ಸಾಕೆಟ್ಟು

ಎಂಬತ್ತರ ದಶಕದ ಕೊನೆಯಲ್ಲಿ ಜಗಳೂರಿನ ಬೀಜ ಮಾರಾಟದ ಸಂಘವೊಂದರಲ್ಲಿ ನನಗೆ ಕಂಪ್ಯೂಟರ್ ಕೆಲಸ ಸಿಕ್ಕಿತ್ತು. ಇನ್ನೂ ಕಾಯಂ ಆಗಿರಲಿಲ್ಲ. ಒಂದು ದೊಡ್ಡ ಪೆಟ್ಟಿಗೆ, ಅದರಿಂದ ವೈರು ಎಳೆದ ಮೂರು ಟರ್ಮಿನಲ್. ಒಂದನೆಯದು ಮ್ಯಾನೇಜರರದು, ಎರಡನೆಯದು ನನ್ನದು, ಮೂರನೆಯದು ಮ್ಯಾನೇಜರರ ಭಾಮೈದನದು. ಪಾಸ್‌ವರ್ಡ್ ಎಲ್ಲರಿಗೂ ಒಂದೇ! ಯಾರು ಏನು ಮಾಡಿದರೆಂದು ತಿಳಿಯಲು ಟರ್ಮಿನಲ್ ನಂಬರೊಂದೇ ದಾರಿ.

ಆಯುಧಪೂಜೆಗೆ ಮೂರನ್ನೂ ಬಿಚ್ಚಿ, ಒರೆಸಿ, ಚಾಪೆಯ ಮೇಲಿಟ್ಟು ಕುಂಕುಮ ಹಚ್ಚಿದೆವು. ಆಮೇಲೆ ವೈರು ಸಿಕ್ಕಿಸಿದವನು ಭಾಮೈದ. ಅದೇ ವಾರ ಸೊಕ್ಕೆ ಹಳ್ಳಿಯ ರೈತರ ಹಿಂಗಾರಿ ಜೋಳದ ಬೀಜದ ಪಟ್ಟಿ ಅಳಿಸಿಹೋಯಿತು. ಅಳಿಸಿದ್ದು ಎರಡನೇ ಟರ್ಮಿನಲ್ ಎಂದು ಪರದೆ ತೋರಿಸಿತು.

ನಾನು ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದೆ. ಎರಡನೇ ಸಾಕೆಟ್ಟಿನಲ್ಲಿ ಭಾಮೈದನ ವೈರು, ನನ್ನದು ಮೂರನೆಯದರಲ್ಲಿ. ಆ ದರಿದ್ರ ಪೆಟ್ಟಿಗೆಗೆ ಟರ್ಮಿನಲ್ಲುಗಳ ಗುರುತೇ ಇರಲಿಲ್ಲ. ಯಾವ ಸಾಕೆಟ್ಟಿಗೆ ಸಿಕ್ಕಿಸಿದರೋ ಅದೇ ನಂಬರು.

"ಸಾರ್, ವೈರು ಅದಲುಬದಲಾಗ್ಯಾವೆ, ಬಂದು ನೋಡ್ರಿ" ಎಂದೆ.

"ತಪ್ಪು ಮಾಡಿ ವೈರಿನ ಮ್ಯಾಲೆ ಹಾಕ್ತೀಯೇನಮ್ಮ? ಈ ತಿಂಗಳು ಮುಗಿದ ಮ್ಯಾಲೆ ಕೆಲಸಕ್ಕೆ ಬರಬ್ಯಾಡ" ಎಂದರು ಮ್ಯಾನೇಜರ್. ಕುರ್ಚಿಯಿಂದ ಏಳಲೂ ಇಲ್ಲ.

ಮೈಯೆಲ್ಲ ಉರಿದುಹೋಯಿತು. ಆ ಸಂಜೆ ಭಾಮೈದನ ವೈರನ್ನು ಒಂದನೇ ಸಾಕೆಟ್ಟಿಗೂ ಮ್ಯಾನೇಜರರದನ್ನು ಎರಡನೆಯದಕ್ಕೂ ಸಿಕ್ಕಿಸಿ, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಭಾಮೈದನದು ಸುಮ್ಮನಿರುವ ಕೈಯಲ್ಲ ಎಂದು ನನಗೆ ಗೊತ್ತಿತ್ತು. ಸ್ವಲ್ಪ ದಿನಕ್ಕೇ ಇನ್ನೊಂದು ಹಳ್ಳಿಯ ಪಟ್ಟಿ ಮಾಯವಾಯಿತು. ಈ ಸಲ ಪರದೆ ತೋರಿಸಿದ್ದು ಒಂದನೇ ಟರ್ಮಿನಲ್ಲನ್ನು.

ಬೀಜ ಸಿಗದ ರೈತರು ಸಂಘದ ಅಧ್ಯಕ್ಷರನ್ನೇ ಕರೆತಂದರು.

"ಏನ್ರೀ ಮ್ಯಾನೇಜ್ರೇ, ನಿಮ್ಮ ಮಿಷಿನ್ನಿಂದಲೇ ಅಳಿಸೈತಲ್ರೀ!" ಎಂದು ಅಧ್ಯಕ್ಷರು ಗದರಿದರು.

"ಇಲ್ರೀ ಯಜಮಾನ್ರೇ, ಪೂಜೆಗೆ ಬಿಚ್ಚಿದಾಗ ವೈರು ಅದಲುಬದಲಾಗಿರ್ಬೇಕು" ಎಂದು ಮ್ಯಾನೇಜರ್ ಬೆವರುತ್ತ, ಎಲ್ಲರೆದುರು ಪೆಟ್ಟಿಗೆಯ ಹಿಂದೆ ಮೊಣಕಾಲೂರಿ ಕೂತು ವೈರು ಎಳೆದೆಳೆದು ತೋರಿಸಿದರು. ಆಹಾ, ಅದನ್ನು ನೋಡುತ್ತ ನಿಲ್ಲುವ ಸುಖವೇ ಸುಖ!

"ಹಂಗಾದ್ರೆ ಮೊದಲ ಪಟ್ಟಿ ಅಳಿಸಿದ್ದಕ್ಕೆ ಈ ಹುಡುಗೀನ ಯಾಕ್ರೀ ತೆಗೆಯಾಕೆ ಹೊಂಟಿದ್ರಿ? ಇಕೀನ ತೆಗೆಯಂಗಿಲ್ಲ. ಮೊದಲು ತಪ್ಪಾಯ್ತು ಅನ್ರಿ" ಎಂದರು ಅಧ್ಯಕ್ಷರು.

ಮ್ಯಾನೇಜರ್ ಕೂತಲ್ಲೇ ಗೋಡೆಯ ಕಡೆ ಮುಖ ಮಾಡಿ "ತಪ್ಪಾಯ್ತಮ್ಮ" ಎಂದು ಗೊಣಗಿದರು. ನನಗೆ ಚೆನ್ನಾಗಿಯೇ ಕೇಳಿಸಿತ್ತು.

"ಕೇಳಿಸಲಿಲ್ಲ ಸಾರ್. ಹೊರಗೆ ನಿಂತೋರಿಗೂ ಕೇಳ್ಲಿ, ಸ್ವಲ್ಪ ಜೋರಾಗಿ ಹೇಳ್ರಿ" ಎಂದೆ.