ಸಾಕು ಎಂದರೆ ಬಿಡದ ಸುವರ್ಣಾ

ಸುವರ್ಣಾ ಮನೆಗೆ ಊಟಕ್ಕೆ ಹೋಗುವವರು ಹಿಂದಿನ ದಿನವೇ ಉಪವಾಸವಿರಬೇಕು. ಧಾರವಾಡದ ಹೆಣ್ಣು. ಲಂಡನ್ನಿನ ಹ್ಯಾರೋ ಬಡಾವಣೆಯ ಅವಳ ಅಡುಗೆಮನೆಯಲ್ಲಿ 'ಸಾಕು' ಎಂಬ ಮಾತಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಸುರಿಯುತ್ತಾಳೆ.

"ಮೊದಲನೇ ಸಾಕು ಸಂಕೋಚದ್ದು, ಎರಡನೇದು ಮರ್ಯಾದೀದು. ಮೂರನೇದಷ್ಟ ಖರೆ," ಎಂಬುದು ಅವಳ ಶಾಸ್ತ್ರ. ನಾನು ಬೆಂಗಳೂರಿನವಳು, ನನಗೆ ಇದೆಲ್ಲ ಹಿಂಸೆ.

ನಾವಿಬ್ಬರೂ ಲಂಡನ್ನಿನ ಒಂದು ಜೈಲಿನಲ್ಲಿ ಕೆಲಸಕ್ಕಿದ್ದೇವೆ. ನಾನು ಔಷಧಿ ವಿಭಾಗ, ಅವಳು ಮನೋರೋಗ ವಿಭಾಗದ ನರ್ಸ್. ಯಾವ ಕೈದಿ ತನ್ನ ಜೀವ ತಾನೇ ತೆಗೆದುಕೊಳ್ಳುವ ಅಪಾಯದಲ್ಲಿದ್ದಾನೆ ಎಂದು ಅಂದಾಜಿಸುವುದು ಅವಳ ಕೆಲಸ. ಅಷ್ಟಾದರೂ ಕಾರಿಡಾರಿನುದ್ದಕ್ಕೂ ಎಲ್ಲರನ್ನೂ ನಗಿಸುತ್ತಲೇ ಓಡಾಡುತ್ತಾಳೆ, ಮಹಾತಾಯಿ.

ಒಬ್ಬ ಕೈದಿ, ಕಾಲಿನ್ ಎನ್ನೋಣ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಜೀವಕ್ಕೇನಾದರೂ ಮಾಡಿಕೊಂಡಾನೆಂದು ಅವನ ಮೇಲಿಟ್ಟಿದ್ದ ನಿಗಾ ತೆಗೆಯಬಹುದೇ ಎಂದು ನಿರ್ಧರಿಸಲು ಒಂದು ಮಧ್ಯಾಹ್ನ ಅವನೊಂದಿಗೆ ಕುಳಿತೆವು. ಅಂದು ಅವನು ಭಾರಿ ಖುಷಿಯಲ್ಲಿದ್ದ. ಜೋಕು ಹೊಡೆದ, ಆರಾಮಾಗಿದ್ದೇನೆ ಎಂದ. ಜೈಲಿನ ಅಧಿಕಾರಿ ಸಹಿ ಹಾಕಲು ಪೆನ್ನು ತೆಗೆದೇಬಿಟ್ಟ.

"ಸಾಯಬೇಕು ಅಂತ ಅನಿಸುತ್ತಿದೆಯಾ?" ಎಂದು ಸುವರ್ಣಾ ಕೇಳಿದಳು. ಅವಳ ವಿಭಾಗದಲ್ಲಿ ಹಾಗೆ ನೇರವಾಗಿಯೇ ಕೇಳುತ್ತಾರೆ.

"ಇಲ್ಲ."

ಚಹಾ ಅವನತ್ತ ಸರಿಸಿ ಮತ್ತೆ ಅದನ್ನೇ ಕೇಳಿದಳು. "ಇಲ್ಲ ಅಂದೆನಲ್ಲ," ಎಂದು ಅವನು ನಕ್ಕ. ನನಗೆ ರೇಗಿತು. ಇದೇನು ಹೋಳಿಗೆ ಪಂಕ್ತಿಯೇ ಎಂದುಕೊಂಡು ಮೇಜಿನ ಕೆಳಗೆ ಅವಳ ಕಾಲಿಗೆ ತಿವಿದೆ. ಅವಳು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು, ಮೆತ್ತಗೆ, ಮೂರನೇ ಸಲ ಕೇಳಿದಳು.

ಅವನ ನಗು ನಿಂತಿತು. ಅಂದೇ ಎಲ್ಲ ಮುಗಿಸಿಬಿಡುವುದೆಂದು ತೀರ್ಮಾನಿಸಿದ್ದನಂತೆ, ಅದರಿಂದಲೇ ಮನಸ್ಸು ಹಗುರಾಗಿತ್ತಂತೆ. ಮಗಳು ಇನ್ನು ತನ್ನ ಮುಖ ನೋಡುವುದಿಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತ. ನಿಗಾ ತೆಗೆಯುವ ಮಾತು ಅಲ್ಲಿಗೇ ಬಿತ್ತು. ಅಂದಿನಿಂದ ಅವನ ಜೊತೆ ಸದಾ ಒಬ್ಬರು ಕೂರುವ ಏರ್ಪಾಡಾಯಿತು.

"ನಿನಗೆ ಹೇಗೆ ಗೊತ್ತಾಯ್ತೇ?" ಎಂದು ಕಾರಿನಲ್ಲಿ ಕೇಳಿದೆ.

"ನನಗೇನ ಗೊತ್ತಿರಲಿಲ್ಲ ಬಿಡವಾ. ಉಣ್ಣಾಕ ಕುಂತವರನ್ನ ಮೂರು ಸಲ ಕೇಳತೀವಿ, ಸಾಯಾಕ ಹೊಂಟವರನ್ನ ಒಂದ ಸಲ ಕೇಳಿ ಬಿಡೂದೇನ?"

ನನಗೆ ಅಳು ಬಂತು. ಹೆಮ್ಮೆಯೂ ಆಯಿತು.

ಕಾಲಿನ್‌ನ ಒಪ್ಪಿಗೆ ಪಡೆದು ಸುವರ್ಣಾ ಅವನ ಮಗಳಿಗೆ ಫೋನು ಮಾಡಿಸಿದಳು. ಕೆಲವು ವಾರ ಕಳೆದ ಮೇಲೆ ಮಾತ್ರೆಗೆಂದು ಬಂದ ಕಾಲಿನ್ ನನ್ನ ಕಿಟಕಿಯ ಮುಂದೆ ನಿಂತು ಕೂಗಾಡತೊಡಗಿದ. ಗಾಬರಿಯಾಗಿ ಸುವರ್ಣಾಳನ್ನು ಕರೆದೆ. ಏನಪ್ಪಾ ಎಂದರೆ, ಕೂದಲು ಕತ್ತರಿಸುವವನು ಬರುವುದು ಶುಕ್ರವಾರವಂತೆ.

"ಗುರುವಾರ ನನ್ನ ಮಗಳು ಬರುತ್ತಾಳೆ. ಈ ತಲೆ ಇಟ್ಟುಕೊಂಡು ಅವಳ ಮುಂದೆ ಹೇಗೆ ಕೂರಲಿ?"

ಸುವರ್ಣಾ ಕಣ್ಣೊರೆಸಿಕೊಳ್ಳುತ್ತಲೇ ಕತ್ತರಿಯವನನ್ನು ಹುಡುಕಿಕೊಂಡು ಹೋದಳು.