ಅತ್ತೆಯ ಕಾರು ಮುಂದಕ್ಕೆ ಮಾತ್ರ

ವಾದದಲ್ಲಿ ಸೋತ ದಿನ ನನಗೆ ಊಟ ರುಚಿಸುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಯಾರಾದರೂ "ಇವತ್ತು ಸೆಖೆ ಜಾಸ್ತಿ" ಎಂದರೆ "ಯಾವತ್ತಿಗೆ ಹೋಲಿಸಿದರೆ?" ಎಂದು ಕೇಳುವ ಚಟ. ವಿಶಾಖಪಟ್ಟಣದ ಮೇ ತಿಂಗಳಲ್ಲಿ ಈ ಪ್ರಶ್ನೆ ಕೇಳಿದರೆ ಜನ ಎದ್ದು ಹೋಗುತ್ತಾರೆ. ಹಾಗೆ ಎದ್ದು ಹೋಗದೆ ಉಳಿದವರು ನನ್ನ ಸೋದರತ್ತೆ ಒಬ್ಬರೇ.

ಅಪ್ಪ ಬ್ಯಾಂಕಿನವರು. ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು, ನನ್ನ ಓದು ಮುಗಿಯುವ ಮೊದಲೇ ಮತ್ತೆಲ್ಲಿಗೋ ವರ್ಗವಾಗಿ ಹೋದರು. ನಾನು ಅತ್ತೆಯ ಮನೆಯಲ್ಲಿ ಉಳಿದೆ. ಅತ್ತೆ ಮೈಸೂರಿನವರು, ಮಾವ ಇಲ್ಲಿನವರು. ಮದುವೆಯಾದಾಗಿನಿಂದ ಮಾವ ಅತ್ತೆಯ ಹತ್ತಿರ ಕನ್ನಡ ಕಲಿಯುತ್ತಲೇ ಇದ್ದಾರೆ. ಸಿಟ್ಟು ಬಂದಾಗ ಮಾತ್ರ ಅದು ಪೂರ್ತಿ ತೆಲುಗಾಗುತ್ತದೆ.

ಕಳೆದ ವರ್ಷ ವಿಜಯವಾಡದ ಓದುಗರ ಬಳಗವೊಂದು ನನ್ನನ್ನು ಮಾತಿಗೆ ಕರೆಯಿತು. ವಿಷಯ: ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬಂದ ದಾರಿಯ ಕಾದಂಬರಿಗಳು. ಯುದ್ಧ ಮುಗಿದ ದೇಶದಲ್ಲಿ ಎಲ್ಲರೂ ಮನೆ ಕಟ್ಟಿ, ಫ್ರಿಜ್ ಕೊಂಡು, ನೆಮ್ಮದಿಯಾಗಿ ಇರಲು ಹೊರಟಾಗ ಒಂದಷ್ಟು ಹುಡುಗರು ಅದೆಲ್ಲ ಬೇಡವೆಂದು ಹಳೆಯ ಕಾರು ಹತ್ತಿ ಆ ತುದಿಯಿಂದ ಈ ತುದಿಗೆ ಓಡಾಡಿದರು. ಜಾಝ್ ಕೇಳಿದರು, ಹೋಟೆಲುಗಳಲ್ಲಿ ಕವಿತೆ ಓದಿದರು, ಕುಡಿದರು, ಗೆಳೆಯರ ಹೆಸರು ಬದಲಿಸಿ ತಮ್ಮದೇ ಓಡಾಟವನ್ನು ಕಾದಂಬರಿ ಮಾಡಿದರು. ನನ್ನ ಎದುರು ಮಾತಾಡಬೇಕಿದ್ದವನು ಕಾಲೇಜಿನಿಂದಲೂ ನನ್ನ ಗೆಳೆಯ, ಆ ಪುಸ್ತಕಗಳ ಭಕ್ತ. ನಾನು ವಿರೋಧಪಕ್ಷ. ಅದಕ್ಕೆ ನನ್ನನ್ನು ಯಾರೂ ನೇಮಿಸಬೇಕಿರಲಿಲ್ಲ.

ನನ್ನ ವಾದ ತಯಾರಾಗಿತ್ತು. ಆ ಪುಸ್ತಕಗಳಲ್ಲಿ ಬರೆಯುವವನು ಹೆಚ್ಚಾಗಿ ಪಕ್ಕದ ಸೀಟಿನಲ್ಲಿ ಕೂತಿರುತ್ತಾನೆ. ಓಡಿಸುವವನು ಗೆಳೆಯ. ದಾರಿ ಅವನದು, ಹುಚ್ಚು ಅವನದು, ಹೆಸರು ಮಾತ್ರ ಕೂತವನದು. ಹಸಿವಾದಾಗ ಯಾವುದೋ ಅಮ್ಮನ ಅಡುಗೆಮನೆಗೆ ವಾಪಸು. ಇದು ಬಂಡಾಯವೋ, ಬೇಸಿಗೆ ರಜೆಯೋ?

ಊಟದ ಹೊತ್ತಿಗೆ ಇದನ್ನು ಒಪ್ಪಿಸಿದೆ. ಅತ್ತೆ ನನ್ನ ವಾದ ಕೇಳಲೇ ಇಲ್ಲ. ಅವರಿಗೆ ಕೇಳಿಸಿದ್ದು ಒಂದೇ ಪದ.

"ವಿಜಯವಾಡಕ್ಕಾ? ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ ಕಣೇ."

ಮಾವ ತಟ್ಟೆಯಿಂದ ತಲೆ ಎತ್ತಿದರು. ಈ ಕಾರಿನ ವಿಷಯ ಹೇಳಬೇಕು. ನಿವೃತ್ತಿಯ ಹೊತ್ತಿಗೆ ಮಾವ ಆಸೆಪಟ್ಟು ಕೊಂಡದ್ದು. ಡ್ರೈವಿಂಗ್ ಕಲಿಯಲು ಹೋಗಿ, ಕಲಿಸುವವನ ಜೊತೆ ಜಗಳವಾಡಿ ಬಿಟ್ಟುಬಂದರು. ಅತ್ತೆ ಮಾತ್ರ ಹಟ ಹಿಡಿದು ಕಲಿತು ಲೈಸೆನ್ಸ್ ತಂದರು. ಆದರೂ ಕಾರು ಹೆಚ್ಚಾಗಿ ಅಪಾರ್ಟ್‌ಮೆಂಟಿನ ಕೆಳಗೆ ನಿಂತೇ ಇರುತ್ತಿತ್ತು. ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿಸಲೆಂದು ಕಾರು ಸಾಕಬೇಕೇ ಎಂಬುದು ಮಾವನ ವಾದ. ಕೊಳ್ಳುವವರನ್ನೂ ಹುಡುಕಿಟ್ಟಿದ್ದರು. ಅತ್ತೆಯ ವಾದ ಚಿಕ್ಕದು: "ಈ ಊರಿಗೆ ಬಂದಾಗಿನಿಂದ ಎಲ್ಲಿಗೆ ಹೋಗ್ಬೇಕಾದ್ರೂ ಯಾರದೋ ಪುರುಸೊತ್ತು ಕಾದಿದೀನಿ. ಇನ್ನು ಕಾಯಲ್ಲ."

"ಸರೇ," ಎಂದರು ಮಾವ. "ವಿಜಯವಾಡದವರೆಗೂ ನೀನೇ ಓಡಿಸು. ಬೇರೆಯವರ ಕೈ ಸ್ಟೀರಿಂಗಿಗೆ ತಗಲಬಾರದು, ಕಾರಿಗೆ ಒಂದು ಗೀರು ಬೀಳಬಾರದು. ಆಮೇಲೆ ಮಾರೋ ಮಾತೇ ಎತ್ತಲ್ಲ."

"ಇವಳೇ ಸಾಕ್ಷಿ," ಎಂದರು ಅತ್ತೆ.

ಮಾವ ನನ್ನನ್ನು ನೋಡಿದರು. "ಒಳ್ಳೇದೇ. ಇವಳು ನಿನ್ನ ಪರಾನೂ ಮಾತಾಡಲ್ಲ, ನನ್ನ ಪರಾನೂ ಮಾತಾಡಲ್ಲ. ಬರೀ ಮಾತಾಡ್ತಾಳೆ."

ಶನಿವಾರ ಬೆಳಗ್ಗೆ ಮಾವ ರೈಲು ಹತ್ತಿದರು. ವಿಜಯವಾಡದ ಭವಾನಿಪುರಂನಲ್ಲಿರುವ ಅವರ ತಮ್ಮನ ಖಾಲಿ ಮನೆಯಲ್ಲಿ ನಮಗಾಗಿ ಕಾಯುವುದು ಎಂದು ಮಾತಾಗಿತ್ತು. ನಾವು ಕೆಳಗಿಳಿದಾಗ ಕಾರು ಆಗಲೇ ಗೇಟಿನ ಕಡೆ ಮುಖ ಮಾಡಿ ನಿಂತಿತ್ತು. ಕನ್ನಡಿಗೆ ಸಿಂಹಾಚಲಂನ ನರಸಿಂಹನ ಗುಡಿಯಿಂದ ತಂದ ಕುಂಕುಮ, ಚಕ್ರಗಳ ಕೆಳಗೆ ನಿಂಬೆಹಣ್ಣು. ನಿಂಬೆಹಣ್ಣಿನ ವೈಜ್ಞಾನಿಕ ಆಧಾರದ ಬಗ್ಗೆ ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವುಗಳ ಮೇಲೆ ಕಾರು ಹತ್ತಿಸಿಯಾಗಿತ್ತು.

ಹೆದ್ದಾರಿಯಲ್ಲಿ ಅತ್ತೆ ಚೆನ್ನಾಗಿಯೇ ಓಡಿಸಿದರು. ಬೆನ್ನು ನೆಟ್ಟಗೆ, ಎರಡೂ ಕೈ ಸ್ಟೀರಿಂಗಿನ ಮೇಲೆ, ಲಾರಿ ಹಿಂದಿಕ್ಕುವಾಗ ಒಂದು ಸಣ್ಣ "ನರಸಿಂಹಾ." ಅನಕಾಪಲ್ಲಿ ದಾಟಿದ ಮೇಲೆ ನನಗೆ ಹಸಿವಾಯಿತು. ಒಂದು ಒಳ್ಳೆಯ ಹೋಟೆಲು ಬಂತು. ಅತ್ತೆ ನಿಲ್ಲಿಸಲಿಲ್ಲ. ಇನ್ನೊಂದು ಬಂತು, ಹೆಸರುಕಾಳಿನ ದೋಸೆ ಪೆಸರಟ್ಟಿನ ವಾಸನೆ ಕಾರಿನೊಳಗೇ ಬಂತು. ನಿಲ್ಲಿಸಲಿಲ್ಲ.

"ಅತ್ತೆ, ಆ ಹೋಟೆಲಿಗೆ ಏನಾಗಿತ್ತು?"

"ಜನ ಜಾಸ್ತಿ."

"ಅದರ ಹಿಂದಿನದು?"

"ಜನಾನೇ ಇರ್ಲಿಲ್ಲ. ಅಂಥ ಕಡೆ ತಿಂತಾರೇನೇ?"

ಕೊನೆಗೆ ಅವರು ನಿಲ್ಲಿಸಿದ್ದು ಪೆಟ್ರೋಲ್ ಬಂಕಿನಲ್ಲಿ. ಅದರ ಅಂಗಡಿಯಲ್ಲಿ ಬಿಸ್ಕತ್ತು, ಟೀ. ಟ್ಯಾಂಕು ತುಂಬಿಯೇ ಇತ್ತು. ನಾನು ಪಾಟೀಸವಾಲಿಗೆ ಕೂತೆ: ಟ್ಯಾಂಕು ತುಂಬಿರುವಾಗ ಬಂಕಿಗೇಕೆ, ಹೋಟೆಲುಗಳು ಬೇಡವೇಕೆ. ಅತ್ತೆ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದರು. ಅದು ಮುರಿದು ಬಿತ್ತು.

"ಬಂಕಲ್ಲಿ ಈ ಕಡೆಯಿಂದ ಬಂದ್ರೆ ಆ ಕಡೆಯಿಂದ ಹೋಗ್ಬಹುದು ಕಣೇ."

"ಅಂದ್ರೆ?"

"ಅಂದ್ರೆ ನನಗೆ ರಿವರ್ಸ್ ಬರಲ್ಲ."

ಲೈಸೆನ್ಸಿನ ಪರೀಕ್ಷೆಯ ದಿನ ರಿವರ್ಸ್ ಬಂದಿತ್ತಂತೆ. ಅದಾದ ವಾರವೇ ಹಿಂದಕ್ಕೆ ತೆಗೆಯಲು ಹೋಗಿ ಕೆಳಮನೆಯವರ ಹೂಕುಂಡಗಳ ಸಾಲನ್ನು ಉರುಳಿಸಿದರಂತೆ. ಅಂದಿನಿಂದ ಆ ಗೇರ್ ಮುಟ್ಟಿಲ್ಲ. ಮಾವ ವಾಕಿಂಗಿಗೆ ಹೋದಾಗ ವಾಚ್‌ಮನ್ ಬಂದು ಕಾರನ್ನು ಗೇಟಿನ ಕಡೆ ತಿರುಗಿಸಿಡುತ್ತಿದ್ದ. ಕಾರು ನಿಂತಲ್ಲೇ ನಿಲ್ಲುತ್ತಿದ್ದುದರ ಗುಟ್ಟು ಇದು.

"ಮಾವ ಹಾಕಿದ ಷರತ್ತಿನಲ್ಲಿ ರಿವರ್ಸ್ ಇತ್ತೇನೇ? ಹೇಳು ಲಾಯರಮ್ಮ."

ಇರಲಿಲ್ಲ. ನಾನು ಸಾಕ್ಷಿ, ಸಾಕ್ಷಿ ಸಲಹೆ ಕೊಡುವಂತಿಲ್ಲ ಎಂದೆ. ಆದರೆ ಒಳಗೊಳಗೆ ಖುಷಿಯಾಯಿತು, ನನ್ನ ಗೆಳೆಯನ ಕಾರಣಕ್ಕೆ. ದಾರಿಯ ಕಾದಂಬರಿಗಳ ಬಗ್ಗೆ ಅವನು ಸದಾ ಹೇಳುತ್ತಿದ್ದುದು ಒಂದೇ: ಆ ಹುಡುಗರು ಹಿಂದಿರುಗಿ ನೋಡಲಿಲ್ಲ, ಮುಂದಕ್ಕೆ, ಮುಂದಕ್ಕೆ, ಅದೇ ಸ್ವಾತಂತ್ರ್ಯ. ಇಲ್ಲಿ ಅದೇ ಸ್ವಾತಂತ್ರ್ಯ ಇಳಕಲ್ ಸೀರೆ ಉಟ್ಟು, ಹೂಕುಂಡಗಳಿಗೆ ಹೆದರಿ, ಬಂಕಿನಲ್ಲಿ ಬಿಸ್ಕತ್ತು ತಿನ್ನುತ್ತಿತ್ತು.

ಆಮೇಲೆ ನಮ್ಮ ಪ್ರಯಾಣದ ಕ್ರಮವೇ ಬದಲಾಯಿತು. ನಾನು ಕಿಟಕಿಯಿಂದ ತಲೆ ಹಾಕಿ ಜಾಗಗಳನ್ನು ಅಳೆಯುತ್ತಿದ್ದೆ. "ಅತ್ತೆ, ಇಲ್ಲಿ ಎರಡು ಗೇಟಿದೆ!" "ಬೇಡ, ಅಲ್ಲಿ ಬಸ್ಸು ಅಡ್ಡ ಬಂದ್ರೆ?" ಅನ್ನವರಂ ದೇವಸ್ಥಾನದ ಪ್ರಸಾದವನ್ನು ರಸ್ತೆ ಬದಿಯಲ್ಲೇ ಮಾರುತ್ತಿದ್ದರು, ಉದ್ದಕ್ಕೂ ಜಾಗ. ಎಲೆಯ ಪೊಟ್ಟಣ ಬಿಚ್ಚಿ ಕಾರಿನಲ್ಲೇ ತಿಂದೆವು. ದೇವರ ಬಗ್ಗೆ ನನಗೆ ಅನುಮಾನವಿದೆ, ಆ ಪ್ರಸಾದದ ಬಗ್ಗೆ ಇಲ್ಲ. ಗೋದಾವರಿ ದಾಟುವಾಗ ಅತ್ತೆ ಮೆಲ್ಲಗೆ ಹಾಡಿಕೊಂಡರು. ಯಾವುದೋ ಮೈಸೂರಿನ ಕಾಲದ ಹಾಡು, ಅರ್ಧಕ್ಕೇ ಪದ ಮರೆತು ಗುನುಗು ಮಾತ್ರ ಉಳಿಯಿತು.

ವಿಜಯವಾಡ ತಲುಪಿದ ಮೇಲೆ ಎಡವಟ್ಟಾಯಿತು. ದುರ್ಗಮ್ಮನ ಗುಡ್ಡದ ಬಳಿಯ ಫ್ಲೈಓವರ್ ಇಳಿದು ಭವಾನಿಪುರಂಗೆ ತಿರುಗಬೇಕಿತ್ತು. ಫೋನಿನ ಹೆಂಗಸು ಹೇಳುತ್ತಿದ್ದಳು, ನಾನೂ ಹೇಳುತ್ತಿದ್ದೆ, ಇಬ್ಬರೂ ಒಟ್ಟಿಗೆ ಹೇಳಿದ್ದರಿಂದ ಅತ್ತೆ ಯಾರ ಮಾತನ್ನೂ ಕೇಳದೆ ನೇರ ಹೋದರು. ಬೇರೆಯವರಾಗಿದ್ದರೆ ಪಕ್ಕಕ್ಕೆ ನಿಲ್ಲಿಸಿ, ಸ್ವಲ್ಪ ಹಿಂದೆ ತೆಗೆದು, ತಿರುಗುತ್ತಿದ್ದರು. ನಾವು ಮುಂದಕ್ಕೇ ಹೋದೆವು. ಥರ್ಮಲ್ ಸ್ಟೇಷನ್ನಿನ ಚಿಮಣಿಗಳು ಹತ್ತಿರ ಬಂದವು, ದೊಡ್ಡವಾದವು.

"ಅತ್ತೆ, ಇನ್ನು ಮುಂದೆ ಬೊಂಬೆಯ ಊರು, ಕೊಂಡಪಲ್ಲಿ."

"ಇರ್ಲಿ ಬಿಡು. ಬೊಂಬೆ ತಗೊಂಡ್ರಾಯ್ತು. ತಪ್ಪಿ ಬಂದ್ವಿ ಅಂತ ಯಾಕೆ ಹೇಳ್ಬೇಕು? ಬೊಂಬೆಗೆ ಅಂತಾನೇ ಬಂದ್ವಿ."

ಆತ್ಮಕಥಾತ್ಮಕ ಕಾದಂಬರಿ ಹುಟ್ಟುವ ಬಗೆಯನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮರದ ಎತ್ತಿನಗಾಡಿಯೊಂದನ್ನು ಕೊಂಡೆವು, ಹಳದಿ ಗಾಡಿ, ಬಿಳಿ ಎತ್ತು. ದೊಡ್ಡ ವೃತ್ತವೊಂದನ್ನು ಹುಡುಕಿ ಸುತ್ತುಹಾಕಿ ಹಿಂದಿರುಗಿದೆವು.

ಮಾವನ ತಮ್ಮನ ಮನೆ ಇದ್ದದ್ದು ಒಂದು ಓಣಿಯ ಕೊನೆಯಲ್ಲಿ. ಓಣಿಗೆ ಆ ಕಡೆ ದಾರಿಯಿಲ್ಲ, ಗೋಡೆ. ಅತ್ತೆ ಗೋಡೆಯ ಮುಂದೆ ಕಾರು ನಿಲ್ಲಿಸಿ ಇಂಜಿನ್ ಆರಿಸಿದರು. ಮಾವ ಗೇಟಿನಲ್ಲಿ ನಿಂತಿದ್ದವರು ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಗೀರಿರಲಿಲ್ಲ.

"ಸಾಕ್ಷಿ ಏನಂತಾರೆ?"

"ಪೂರ್ತಿ ಅತ್ತೆಯೇ ಓಡಿಸಿದರು," ಎಂದೆ. ನಿಜವೇ.

ಮಾವ ಸೋಲನ್ನು ಚೆನ್ನಾಗಿಯೇ ತೆಗೆದುಕೊಂಡರು. ಕಾಫಿ ಅವರೇ ಮಾಡಿದರು. ಕಾಫಿ ಕುಡಿಯುತ್ತಾ ಕಿಟಕಿಯಿಂದ ನೋಡಿ ಸುಮ್ಮನೆ ಹೇಳಿದರು: "ನಾಳೆ ಸಾಯಂತ್ರ ಇವಳ ಮೀಟಿಂಗಿಗೆ ಹೋಗ್ಬೇಕಲ್ಲ, ಈಗ್ಲೇ ಕಾರು ತಿರುಗಿಸಿಟ್ಟುಬಿಡು."

ಅತ್ತೆ ಬ್ಯಾಗಿನಿಂದ ಎತ್ತಿನಗಾಡಿ ತೆಗೆದು ಟೀಪಾಯಿಯ ಮೇಲಿಟ್ಟರು. ಮಾವ ನನ್ನನ್ನು ನೋಡಿದರು. ನಾನು ಲೋಟವನ್ನು ನೋಡಿದೆ. ಮಾವ ಬ್ಯಾಂಕಿನಲ್ಲಿ ಇಲ್ಲದಿದ್ದರೂ ಲೆಕ್ಕ ತಪ್ಪುವವರಲ್ಲ.

"ಓಹೋ! ರಿವರ್ಸ್ ರಾದಾ? ಬರಲ್ವಾ?" ಅವರ ಮುಖದಲ್ಲಿ ದೀಪಾವಳಿ. ಟೀಪಾಯಿಯ ಮೇಲಿದ್ದ ಎತ್ತಿನಗಾಡಿಯನ್ನು ಹಿಂದಕ್ಕೆಳೆದು ತೋರಿಸಿದರು. "ಹೀಗೆ. ಇಷ್ಟೇ. ಇದು ಬರದಿದ್ದರೆ ಡ್ರೈವಿಂಗ್ ಅಂತಾರಾ?"

"ಎತ್ತಿನಗಾಡಿಗೂ ರಿವರ್ಸ್ ಇಲ್ಲ ಕಣ್ರೀ," ಎಂದರು ಅತ್ತೆ, ಸೋಲದೆ.

ನಾನು ಎದ್ದು ನಿಂತೆ. ಇದು ನನ್ನ ಅಖಾಡ. ಷರತ್ತಿನ ಮಾತುಗಳನ್ನು ಒಂದೊಂದಾಗಿ ನೆನಪಿಸಿದೆ: ವಿಜಯವಾಡದವರೆಗೆ ಓಡಿಸುವುದು, ಬೇರೆಯವರ ಕೈ ಬೀಳದಿರುವುದು, ಗೀರು ಬೀಳದಿರುವುದು. ದಿಕ್ಕಿನ ಪ್ರಸ್ತಾಪ ಎಲ್ಲಿದೆ? ಆಟ ಮುಗಿದ ಮೇಲೆ ನಿಯಮ ಸೇರಿಸುವ ಹಾಗಿಲ್ಲ. ಮಾವ ತೆಲುಗಿಗೆ ಇಳಿದರು; ಸೋಲುತ್ತಿದ್ದಾರೆ ಎಂದು ತಿಳಿಯಿತು. ಕೊನೆಗೆ ಕೈ ಎತ್ತಿಬಿಟ್ಟರು. "ಸರೇ ತಲ್ಲೀ, ನೀನೇ ಗೆದ್ದೆ ತಾಯಿ. ಕಾರು ಇರಲಿ."

ನಾನು ಚಪ್ಪಾಳೆಗಾಗಿ ಅತ್ತೆಯ ಕಡೆ ತಿರುಗಿದೆ. ಅವರು ನನ್ನತ್ತ ನೋಡುತ್ತಲೇ ಇರಲಿಲ್ಲ. ಕಿಟಕಿಯ ಹೊರಗೆ, ಗೋಡೆಗೆ ಮೂಗು ತಾಗಿಸಿ ನಿಂತ ಕಾರನ್ನು ನೋಡುತ್ತಿದ್ದರು.

"ನೀನು ಗೆದ್ದಿದ್ದಕ್ಕೆ ನಾನು ಕಾರು ಇಟ್ಕೊಳ್ಳಲ್ಲ ಕಣೇ," ಎಂದರು. "ನಾಳೆಗೂ ವಾಚ್‌ಮನ್ ಬೇಕು ಅಂದ್ರೆ ಅದು ನನ್ನ ಕಾರು ಹೇಗಾಗತ್ತೆ?"

ಭಾನುವಾರ ಮಧ್ಯಾಹ್ನ ಮಾವ ಆಟೋ ಕರೆಯಲು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅತ್ತೆ ಕಾರಿನಲ್ಲಿ ಕೂತಾಗಿತ್ತು. ನಾನು ಪಕ್ಕದಲ್ಲಿ ಕೂತೆ. ಓಣಿ ಕಿರಿದು. ಒಂದು ಕಡೆ ಸ್ಕೂಟರುಗಳು, ಇನ್ನೊಂದು ಕಡೆ ಮನೆ ಮುಂದಿನ ಮುಗ್ಗು ಎಂಬ ರಂಗೋಲಿಗಳು, ಓಣಿಯ ಬಾಯಲ್ಲೇ ಇಸ್ತ್ರಿ ಗಾಡಿ. ಮತ್ತು, ಗ್ರಹಚಾರಕ್ಕೆ, ಗೇಟಿನಿಂದ ಗೇಟಿಗೆ ಹೂಕುಂಡಗಳು.

ರಿವರ್ಸ್ ಗೇರ್ ಬಿದ್ದೊಡನೆ ಕಾರು ಕೀಂಕೀಂ ಎಂದಿತು. ಅಷ್ಟಕ್ಕೇ ಓಣಿಯೆಲ್ಲ ಹೊರಬಂತು. ಯಾರೂ ಕರೆದಿರಲಿಲ್ಲ. "ರಾನೀ, ರಾನೀ," ಬರಲಿ ಬರಲಿ, ಎಂದು ಒಬ್ಬರು. "ಆಗಂಡಿ, ಆಗಂಡಿ," ನಿಲ್ಲಿ, ಎಂದು ಇನ್ನೊಬ್ಬರು. ಬಾಲ್ಕನಿಯ ಅಜ್ಜಿ ಎಡಕ್ಕೆ ಎಂದರೆ ಎದುರಿನವರು ಬಲಕ್ಕೆ. ಮಾವ ಕಾರಿನ ಸರಿಯಾಗಿ ಹಿಂದೆ ನಿಂತು ಎರಡೂ ಕೈಯಲ್ಲಿ ಎರಡು ಬೇರೆ ದಿಕ್ಕು ತೋರಿಸುತ್ತಿದ್ದರು. ನಾನೂ ಬಾಯಿ ತೆರೆದೆ.

"ನೀನು ಸುಮ್ನಿರು!" ಎಂದರು ಅತ್ತೆ. ಕಿಟಕಿಯಿಂದ ತಲೆ ಹೊರಹಾಕಿದರು. "ರೀ! ನೀವು ಮೊದಲು ಪಕ್ಕಕ್ಕೆ ಸರೀರಿ. ಎಲ್ಲಕ್ಕಿಂತ ದೊಡ್ಡ ಅಡ್ಡ ನೀವೇ."

ಓಣಿ ನಕ್ಕಿತು. ಮಾವ ಸರಿದರು. ಅತ್ತೆ ಎಡಗನ್ನಡಿ ನೋಡಿದರು, ಬಲಗನ್ನಡಿ ನೋಡಿದರು, ಕತ್ತು ತಿರುಗಿಸಿ ಹಿಂದಿನ ಗಾಜು ನೋಡಿದರು. ಕಾರು ಇರುವೆಯ ಹಾಗೆ ಹಿಂದಕ್ಕೆ ಹೋಯಿತು. ಒಂದು ಹೂಕುಂಡದ ದಾಸವಾಳ ಬಾಗಿಲನ್ನು ಸವರಿತು. ಅತ್ತೆ ನಿಲ್ಲಿಸಿ, ಉಸಿರು ಬಿಟ್ಟು, ಸ್ವಲ್ಪ ಮುಂದೆ ಬಂದು, ಮತ್ತೆ ಹಿಂದೆ ಹೋದರು. ಇಸ್ತ್ರಿ ಗಾಡಿಯನ್ನು ದಾಟಿ ಕಾರಿನ ಹಿಂಭಾಗ ರಸ್ತೆಗೆ ಇಳಿದಾಗ ಬಾಲ್ಕನಿಯಿಂದ ಚಪ್ಪಾಳೆ ಬಿತ್ತು. ವಾದ ಮಾಡಿ ನಾನು ಗಳಿಸಿದ ಯಾವ ಚಪ್ಪಾಳೆಯೂ ಅಷ್ಟು ಜೋರಾಗಿರಲಿಲ್ಲ.

ಮಾವ ಓಡಿಬಂದು ನನ್ನ ಬಾಗಿಲು ತೆಗೆದರು. "ತಲ್ಲೀ, ನೀನು ಹಿಂದೆ ಕೂತ್ಕೋ."

ಸಂಜೆ ನಾನು ಮಾತಾಡಿದೆ. ಪಕ್ಕದ ಸೀಟಿನ ವಾದವನ್ನೇ ಮಂಡಿಸಿದೆ, ಆದರೆ ಒಂದು ಮಾತು ಹೊಸದಾಗಿ ಸೇರಿತು. ಯುದ್ಧದಿಂದ ಹೊರಬಂದ ಆ ಹುಡುಗರ ನಿಲ್ಲದ ಓಟವನ್ನು ನಾವು ಧೈರ್ಯವೆನ್ನುತ್ತೇವೆ. ಅವರಿಗೆ ಬಹುಶಃ ರಿವರ್ಸ್ ಬರುತ್ತಿರಲಿಲ್ಲ, ಅಷ್ಟೇ. ನನ್ನ ಗೆಳೆಯ ಎದ್ದು ನಿಂತು, "ಹಾಗಾದರೆ ಆ ಹೆದರಿಕೆಯನ್ನು ಅಷ್ಟು ಚೆನ್ನಾಗಿ ಬರೆದದ್ದಕ್ಕಾದರೂ ಅವರಿಗೆ ಅಂಕ ಕೊಡು," ಎಂದ. ಕೊಟ್ಟೆ. ಒಂದು ಅಂಕ.

ಸಭೆ ಮುಗಿದು ಟೀ ಕೊಡುವಾಗ ಹಿಂದಿನ ಸಾಲಿನಲ್ಲಿ ಸಣ್ಣ ಗುಂಪು ಸೇರಿತ್ತು. ನಡುವೆ ಮಾವ. ಎರಡೂ ಕೈಯಾಡಿಸುತ್ತಾ ಹೇಳುತ್ತಿದ್ದರು: ಓಣಿ ಎಷ್ಟು ಕಿರಿದು, ಇಸ್ತ್ರಿ ಗಾಡಿ ಎಷ್ಟು ಹತ್ತಿರ, ತಾವು ಹಿಂದೆ ನಿಂತು ಇಂಚಿಂಚಾಗಿ ಹೇಗೆ ದಾರಿ ತೋರಿಸಿದರು. ಕೊಂಡಪಲ್ಲಿಗೆ ಬೊಂಬೆ ತರಲು ಕಳಿಸಿದ್ದೂ ತಾವೇ ಅಂತೆ.

ನನಗೆ ಮೈಯೆಲ್ಲ ಉರಿಯಿತು. "ಅತ್ತೆ, ಕೇಳಿ ಇಲ್ಲಿ! ಒಂದೂ ನಿಜ ಅಲ್ಲ. ನಾನು ಹೋಗಿ ಹೇಳ್ಲಾ?"

ಅತ್ತೆ ಕೈಯಲ್ಲಿ ಕಾರಿನ ಕೀ ತಿರುಗಿಸುತ್ತಿದ್ದರು.

"ಬಿಡೇ, ಹೇಳ್ಕೊಳ್ಳಲಿ. ಬೇಕಿದ್ರೆ ನೀನೂ ಬರ್ಕೋ. ಓಡಿಸಿದ್ದು ನಾನು ತಾನೆ? ಬೇಗ ಟೀ ಮುಗಿಸು, ನಮ್ಮ ಕಾರಿನ ಹಿಂದೆ ಯಾರೋ ಅಡ್ಡ ನಿಲ್ಲಿಸಿದಾರೆ. ಸಂದೀಲೇ ರಿವರ್ಸ್ ತೆಗಿಬೇಕು."