ಶಾಯಿಯಲ್ಲಿ ತುಂಬಿದ ಪದಬಂಧ

ಕರ್ನಾಟಕ ಒಂದಾದ ವರ್ಷ ಬೆಟಗೇರಿಯ ನಮ್ಮ ಓಣಿಯಲ್ಲಿ ಎರಡು ಮನೆಗೆ ಒಂದೇ ಪತ್ರಿಕೆ ಬರುತ್ತಿತ್ತು. ಹಿರಿಯರೆಂದು ಮೊದಲು ಪಕ್ಕದ ಮನೆಯ ನಿವೃತ್ತ ಗುಮಾಸ್ತರಿಗೆ, ಮಧ್ಯಾಹ್ನ ನನಗೆ. ಒಂದು ಕಷ್ಟದ ಪದ ಹೊಳೆದರೆ ನನ್ನ ದಿನವೇ ಹಗುರಾಗುತ್ತಿತ್ತು. ಆದರೆ ಪದಬಂಧವನ್ನು ಅವರು ಮೊದಲೇ ಶಾಯಿಯಲ್ಲಿ ತುಂಬಿರುತ್ತಿದ್ದರು, ಅದೂ ಅರ್ಧ ತಪ್ಪು. ಮೈಯೆಲ್ಲ ಉರಿದು ಒಮ್ಮೆ ಕೇಳಿಯೇಬಿಟ್ಟೆ.

“ಪೆನ್ಸಿಲ್‌ಲೆ ಬರದ್ರ ಅಳಿಸಬಹುದಲ್ರಿ?”

“ಬರದದ್ದು ಅಳಸೋ ಮಂದಿ ನಾವಲ್ಲ,” ಅಂದರು.

ಒಂದು ದಿನ ಮಧ್ಯಾಹ್ನವಾದರೂ ಪತ್ರಿಕೆ ನನಗೆ ಬರಲಿಲ್ಲ; ಸಂಜೆ ಅವರು ಎದೆನೋವಿನಿಂದ ತೀರಿಕೊಂಡರು. ಮರುದಿನ ಅವರ ಸೊಸೆ ಹಿಂದಿನ ದಿನದ ಪತ್ರಿಕೆಯನ್ನು ನಮ್ಮ ಕಟ್ಟೆಯ ಮೇಲಿಟ್ಟು ದೂರ ನಿಂತಳು.

“ಮಾವನೋರು ಪೂರಾ ತುಂಬ್ಯಾರ್ರಿ. ನಿಮಗ ಕೊಡು ಅಂದಿದ್ರು.”

ನಾನು ಕೈ ಚಾಚುವಷ್ಟರಲ್ಲಿ ಅವ್ವ ತಂಬಿಗೆ ಹಿಡಿದು ಬಂದಳು. “ಸೂತಕದ ಮನಿದು ಐತಿ, ಹಂಗ ಮುಟ್ಟಬ್ಯಾಡ,” ಎಂದವಳೇ, ನಾನು ಬೇಡವೆಂದರೂ ಕೇಳದೆ, ಅದರ ಮೇಲೆ ನೀರು ಸುರಿದಳು.

ಹಾಳೆಯನ್ನು ಬಿಸಿಲಿಗೆ ಹರವಿದೆ. ಶಾಯಿ ಹರಿದು ಚೌಕಗಳೆಲ್ಲ ನೀಲಿ ಕಲೆಯಾಗಿದ್ದವು. ಕೊನೆಯ ಸಲ ಅವರು ಎಲ್ಲಿ ತಪ್ಪಿದ್ದರೆಂದು ಬೈಯಲು ಒಂದಕ್ಷರವೂ ಉಳಿದಿರಲಿಲ್ಲ.